ತೋಟದ ಮನೆಗೆ ನೆಟ್: ಫೈಬರ್ ಎಳೆಸೋದೋ, ಏರ್‌ಫೈಬರ್ ಹಾಕಿಸೋದೋ?

(ಆನ್‌ಲೈನ್ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಸೋಗೆಮನೆ

ಸಾಗರ ತಾಲ್ಲೂಕು, ಪೇಟೆಯಿಂದ 14 ಕಿ.ಮೀ. ಒಳಗೆ. ಮನೆ ಇರುವುದು ಅಡಿಕೆ ತೋಟದ ಅಂಚಿನಲ್ಲಿ, ಡಾಂಬರು ರಸ್ತೆಯಿಂದ 320 ಮೀಟರ್ ದೂರ. ಈಗ ಫೋನಿನ ಹಾಟ್‌ಸ್ಪಾಟ್‌ನಲ್ಲೇ ಎಲ್ಲ ನಡೆಯುತ್ತಿದೆ, ಇನ್ನು ಸಾಲದು. ಬೇಕಾಗಿರುವುದು ಇಷ್ಟು: ಒಬ್ಬರಿಗೆ ದಿನವಿಡೀ ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿ) ಮತ್ತು ವಿಡಿಯೋ ಕಾಲ್, ಇನ್ನೊಬ್ಬರಿಗೆ ಸಂಜೆ ಆನ್‌ಲೈನ್ ಕ್ಲಾಸು, ಒಂದು ಟಿವಿ, 4 ಮೆಗಾಪಿಕ್ಸೆಲ್‌ನ ನಾಲ್ಕು ಕ್ಯಾಮೆರಾ. ಕ್ಯಾಮೆರಾ ಬೆಂಗಳೂರಿನಿಂದ ನೋಡುವಂತಿರಬೇಕು.

ಸಿಗುವ ದಾರಿಗಳು:

ಬಿಎಸ್‌ಎನ್‌ಎಲ್ ಫೈಬರ್, ಊರಿನ ಆಪರೇಟರ್ ಮೂಲಕ. ರಸ್ತೆಯ ಕಂಬದ ಪೆಟ್ಟಿಗೆವರೆಗೆ ಬಂದಿದೆ. ಅಲ್ಲಿಂದ ಮನೆವರೆಗಿನ ಖರ್ಚು ನಮ್ಮದೇ.

5ಜಿ ಏರ್‌ಫೈಬರ್, ಅಂದರೆ ಮೊಬೈಲ್ ಟವರ್‌ನಿಂದ ತಂತಿಯಿಲ್ಲದೆ ಬರುವ ಮನೆ ನೆಟ್. ಟವರ್ ಸುಮಾರು 3 ಕಿ.ಮೀ. ಆಚೆ, ನಡುವೆ ಒಂದು ದಿಬ್ಬ ಮತ್ತು ತೋಟ.

ಕೇಬಲ್ ಟಿವಿಯವರ ಲ್ಯಾನ್ ಕನೆಕ್ಷನ್. ಪಕ್ಕದ ಮನೆವರೆಗೂ ಬಂದಿದೆ, ದರ ಕಡಿಮೆ.

ಮಳೆಗಾಲದಲ್ಲಿ ಕರೆಂಟ್ ಅರ್ಧ ದಿನ ಇಲ್ಲದಿರುವುದೂ ಉಂಟು. ಫೈಬರ್‌ನವರು 100 ಎಂಬಿಪಿಎಸ್ ಅಂತಾರೆ, ಏರ್‌ಫೈಬರ್‌ನವರೂ 100 ಅಂತಾರೆ. ಹಾಗಾದರೆ 320 ಮೀಟರ್ ಕೇಬಲ್ ಎಳೆಸುವ ರಗಳೆ ಯಾಕೆ? ಸ್ಯಾಟಲೈಟ್‌ಗೆ ಕಾಯುವುದರಲ್ಲಿ ಅರ್ಥ ಇದೆಯಾ? ಗೊತ್ತಿರುವವರು ಹೇಳಿ.

ಪ್ಯಾಚ್‌ಕಾರ್ಡ್

ಎರಡೂ ಕಡೆ 100 ಅಂತ ಬರೆದಿರುವುದು ಡೌನ್‌ಲೋಡ್. ನಿಮ್ಮ ಮನೆಗೆ ಮುಖ್ಯ ಅಪ್‌ಲೋಡ್, ಅದನ್ನು ಯಾರೂ ಜಾಹೀರಾತಿನಲ್ಲಿ ಹಾಕುವುದಿಲ್ಲ. ಒಳ್ಳೆ ಗುಣಮಟ್ಟದ ಒಂದು ವಿಡಿಯೋ ಕಾಲ್ ಮೇಲಕ್ಕೆ 3ರಿಂದ 4 ಎಂಬಿಪಿಎಸ್ ಕೇಳುತ್ತದೆ. ಕಾಲ್ ಮತ್ತು ಕ್ಲಾಸು ಒಟ್ಟಿಗೆ ನಡೆದರೆ 8. ಅದರ ಮೇಲೆ ಯಾರೋ ಕ್ಯಾಮೆರಾ ತೆರೆದರೆ ಒಂದಕ್ಕೆ ಸುಮಾರು 2, ನಾಲ್ಕಕ್ಕೂ ಸೇರಿ 8. ಅಂದರೆ ರಾತ್ರಿ ಎಂಟು ಗಂಟೆಗೂ ಕದಲದ 16 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ನಿಮಗೆ ಸಾಕು. 300 ಎಂಬಿಪಿಎಸ್‌ನ ಪ್ಲಾನ್ ಏನೂ ಬೇಡ.

ಕ್ಯಾಮೆರಾ ವಿಷಯ ಈಗಲೇ ತೀರ್ಮಾನ ಮಾಡಿಕೊಳ್ಳಿ. 2 ಎಂಬಿಪಿಎಸ್‌ನ ಒಂದು ಕ್ಯಾಮೆರಾ ಇಡೀ ದಿನ ಕ್ಲೌಡ್‌ಗೆ ಕಳಿಸಿದರೆ 21.6 ಜಿಬಿ. ನಾಲ್ಕು ಕ್ಯಾಮೆರಾ, ಮೂವತ್ತು ದಿನ ಅಂದರೆ 2,592 ಜಿಬಿ. ಏರ್‌ಫೈಬರ್ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 1,000 ಜಿಬಿ ಮಿತಿ ಇರುತ್ತದೆ, ಅದು ಹನ್ನೆರಡನೇ ದಿನಕ್ಕೇ ಮುಗಿದು ವೇಗ ನೆಲಕಚ್ಚುತ್ತದೆ. ಮನೆಯಲ್ಲೇ ಒಂದು ಎನ್‌ವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡುವ ಡಬ್ಬ) ಇಟ್ಟು ಹಾರ್ಡ್‌ಡಿಸ್ಕ್‌ಗೆ ರೆಕಾರ್ಡ್ ಮಾಡಿ. ಆಗ ಯಾರಾದರೂ ನೋಡುವಾಗ ಮಾತ್ರ ನೆಟ್ ಖರ್ಚಾಗುತ್ತದೆ.

ಇನ್ನು ಫೈಬರ್. ಹಳ್ಳಿಗೆ ಬರುವುದು ಬಹುತೇಕ ಜಿಪಿಒಎನ್, ಅಂದರೆ ಒಂದೇ ಫೈಬರ್‌ನ ಬೆಳಕನ್ನು ಹಲವು ಮನೆ ಹಂಚಿಕೊಳ್ಳುವ ವ್ಯವಸ್ಥೆ. ಪಂಚಾಯಿತಿಯಲ್ಲೋ ಎಕ್ಸ್‌ಚೇಂಜಿನಲ್ಲೋ ಒಂದು ಒಎಲ್‌ಟಿ (ಫೈಬರ್‌ಗೆ ಬೆಳಕು ಕಳಿಸುವ ಯಂತ್ರ), ಅದರ ಒಂದು ಪೋರ್ಟಿನಿಂದ ಹೊರಟ ಬೆಳಕನ್ನು ಸ್ಪ್ಲಿಟರ್‌ಗಳು ಹಂಚಿ 32 ಅಥವಾ 64 ಮನೆಗೆ ಕೊಡುತ್ತವೆ. ಪೋರ್ಟಿನ ಒಟ್ಟು ಸಾಮರ್ಥ್ಯ ಕೆಳಕ್ಕೆ 2.5, ಮೇಲಕ್ಕೆ 1.25 ಜಿಬಿಪಿಎಸ್. 64 ಮನೆಯವರು ಒಂದೇ ಸಲ ಎಳೆದರೂ ತಲಾ 39 ಎಂಬಿಪಿಎಸ್ ಬರುವ ಲೆಕ್ಕ. ಆದ್ದರಿಂದ ಸಂಜೆ ನಿಧಾನ ಆದರೆ ಸ್ಪ್ಲಿಟರ್ ಮೇಲೆ ಗೂಬೆ ಕೂರಿಸಬೇಡಿ. ಸಾಮಾನ್ಯವಾಗಿ ಕಟ್ಟಿಕೊಳ್ಳುವುದು ಒಎಲ್‌ಟಿಯಿಂದ ಹಿಂದಕ್ಕೆ ಹೋಗುವ ಅಪ್‌ಲಿಂಕ್. ಆಪರೇಟರ್‌ಗೆ ಎರಡೇ ಪ್ರಶ್ನೆ ಕೇಳಿ: ಅಪ್‌ಲಿಂಕ್ ಎಷ್ಟು, ಅದರ ಮೇಲೆ ಎಷ್ಟು ಮನೆ? 1 ಜಿಬಿಪಿಎಸ್‌ಗೆ ಇನ್ನೂರು ಮನೆ ಇದ್ದರೆ ಚಿಂತೆ ಇಲ್ಲ. ಸಾವಿರದ ಹತ್ತಿರ ಇದ್ದರೆ ಸಂಜೆ ಗೊತ್ತಾಗುತ್ತದೆ.

ಕಂಬದ ಪೆಟ್ಟಿಗೆಯಲ್ಲಿ ಬೆಳಕು ಎಷ್ಟು ಬರುತ್ತಿದೆ ಅಂತ ಪವರ್ ಮೀಟರ್ ಹಾಕಿಸಿ ನೋಡದೆ ದುಡ್ಡು ಕೊಡಬೇಡಿ. ಲೆಕ್ಕ ಹೀಗೆ: ಒಎಲ್‌ಟಿ ಸುಮಾರು +3 ಡಿಬಿಎಂ ಕಳಿಸುತ್ತದೆ (ಡಿಬಿಎಂ ಬೆಳಕಿನ ಬಲದ ಅಳತೆ, ಡಿಬಿ ಅದರ ನಷ್ಟದ್ದು; ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಮ್ಮಿ). ಎಂಟು ಪಾಲು ಮಾಡುವ ಸ್ಪ್ಲಿಟರ್ ಒಂದಕ್ಕೆ 10.5 ಡಿಬಿ ನಷ್ಟ, ಎರಡು ಹಂತಕ್ಕೆ 21. ಆರು ಕಿ.ಮೀ. ಫೈಬರ್‌ಗೆ 2ರ ಒಳಗೆ. ಕನೆಕ್ಟರ್‌ಗಳಿಗೆಲ್ಲ ಸೇರಿ 1ರಿಂದ 1.5. ಮನೆಗೆ −21ರ ಆಸುಪಾಸು ತಲುಪಬೇಕು. −15ರಿಂದ −24ರೊಳಗೆ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. −27 ಅಂದರೆ ಸಾಮಾನ್ಯ ಒಎನ್‌ಟಿಯ (ಮನೆಯಲ್ಲಿ ಇಡುವ ಫೈಬರ್ ಮೋಡೆಮ್) ಕೊನೆಯ ಮೆಟ್ಟಿಲು, ಒಂದು ಕನೆಕ್ಟರ್‌ಗೆ ತೇವ ಹಿಡಿದರೂ ಲೈನ್ ಬಿದ್ದುಹೋಗುತ್ತದೆ. ಮೀಟರನ್ನು 1490 ನ್ಯಾನೋಮೀಟರ್‌ಗೆ ಇಟ್ಟು ನೋಡಲು ಹೇಳಿ, ಕೆಳಕ್ಕೆ ಬರುವ ಬೆಳಕು ಅದೇ.

ಗುಡ್ಡದಮೇಲೆ

ಫೈಬರ್ ಪಾರ್ಟಿಯವರಿಗೆ ಏರ್‌ಫೈಬರ್ ಅಂದರೆ ತಾತ್ಸಾರ. ಮಲೆನಾಡಿನಲ್ಲಿ ಅದನ್ನು ಅಳೆಯದೆ ತಳ್ಳಿಹಾಕುವುದೂ ತಪ್ಪು. ಮರ ಬಿದ್ದು ವಾರಗಟ್ಟಲೆ ಕೇಬಲ್ ಕಟ್ ಆಗಿ ಕೂತಿರುವ ಊರಿನಲ್ಲಿ ಟವರ್ ಮಾತ್ರ ಜೀವಂತ ಇರುತ್ತದೆ.

ನೀವು ನೋಡಬೇಕಾದ್ದು ಯಾವ ಬ್ಯಾಂಡ್ (ತರಂಗಪಟ್ಟಿ) ಸಿಗುತ್ತದೆ ಅನ್ನುವುದು. ಜಿಯೋ 2022ರ ಹರಾಜಿನಲ್ಲಿ 3300 ಮೆಗಾಹರ್ಟ್ಸ್ ಪಟ್ಟಿಯಲ್ಲಿ 100 ಮೆಗಾಹರ್ಟ್ಸ್, 700ರಲ್ಲಿ 10 ಮೆಗಾಹರ್ಟ್ಸ್‌ನ ಜೋಡಿ ತಗೊಂಡಿತು. ಫೋನಿನಲ್ಲಿ ಮೊದಲನೆಯದು ಎನ್78, ಎರಡನೆಯದು ಎನ್28 ಅಂತ ಕಾಣುತ್ತದೆ. ಎನ್78 ಅಗಲ ರಸ್ತೆ, ಆದರೆ ದಿಬ್ಬ ದಾಟುವುದಿಲ್ಲ, ಒದ್ದೆ ಎಲೆ ಕಂಡರೆ ಸೊರಗುತ್ತದೆ. ಎನ್28 ದಿಬ್ಬ, ತೋಟ ಎಲ್ಲ ದಾಟಿ ಬರುತ್ತದೆ, ಆದರೆ ಇರುವುದೇ 10 ಮೆಗಾಹರ್ಟ್ಸ್. ಆ ದಿಕ್ಕಿನ ಎಲ್ಲ ಫೋನು, ಎಲ್ಲ ಏರ್‌ಫೈಬರ್ ಅದನ್ನೇ ಹಂಚಿಕೊಳ್ಳಬೇಕು. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಕುಂಟುವುದು ಇದಕ್ಕೇ. ಏರ್‌ಟೆಲ್ ಆದರೂ ಎನ್78ರ ಮಾತು ಇದೇ.

ಪರೀಕ್ಷೆ ಮಾಡುವ ವಿಧಾನ: 5ಜಿ ಫೋನು, ಅದೇ ಕಂಪನಿಯ ಸಿಮ್. ಏರ್‌ಫೈಬರ್‌ನ ಹೊರಗಿನ ಡಬ್ಬ ಎಲ್ಲಿ ಕೂರಿಸುತ್ತಾರೋ ಅಲ್ಲೇ, ಅಂದರೆ ಮಾಡಿನ ಮೇಲೆ ನಿಂತು ನೋಡಿ. ಜಗಲಿಯಲ್ಲಿ ಕೂತು ನೋಡಿದ್ದಕ್ಕೆ ಬೆಲೆ ಇಲ್ಲ. ಬಹಳಷ್ಟು ಆಂಡ್ರಾಯ್ಡ್‌ಗಳಲ್ಲಿ *#*#4636#*#* ಒತ್ತಿದರೆ ಸಿಗ್ನಲ್ ವಿವರ ತೆರೆದುಕೊಳ್ಳುತ್ತದೆ, ಇಲ್ಲದಿದ್ದರೆ ನೆಟ್‌ಮಾನ್‌ಸ್ಟರ್ ಆ್ಯಪ್ ಹಾಕಿಕೊಳ್ಳಿ. ಎರಡು ಸಂಖ್ಯೆ ಬರೆದುಕೊಳ್ಳಿ. ಆರ್‌ಎಸ್‌ಆರ್‌ಪಿ, ಅಂದರೆ ಸಿಗ್ನಲ್‌ನ ಬಲ, −90ಕ್ಕಿಂತ ಮೇಲಿದ್ದರೆ ಒಳ್ಳೆಯದು, −105ಕ್ಕಿಂತ ಕೆಳಗೆ ಹೋದರೆ ಬೇಡ. ಎಸ್‌ಐಎನ್‌ಆರ್, ಅಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜಾಸ್ತಿ ಅನ್ನುವುದು, 15ರ ಮೇಲೆ ಬೇಕು. 5ರ ಹತ್ತಿರ ಇದ್ದರೆ ಕಡ್ಡಿ ಪೂರ್ತಿ ತೋರಿಸಿದರೂ ಗದ್ದಲವೇ ಜಾಸ್ತಿ. ಹೊರಗಿನ ಡಬ್ಬದ ಆಂಟೆನಾ ಫೋನಿನದಕ್ಕಿಂತ ದೊಡ್ಡದು, ಒಂದೇ ದಿಕ್ಕಿಗೆ ಮುಖ ಮಾಡಿದ್ದು, ಹಾಗಾಗಿ ಸಂಖ್ಯೆ ಒಂದಿಷ್ಟು ಸುಧಾರಿಸುತ್ತದೆ. ಆದರೆ ರಾತ್ರಿಯ ದಟ್ಟಣೆಗೆ ಆಂಟೆನಾ ಏನೂ ಮಾಡಲಾರದು. ಬೆಳಿಗ್ಗೆ 7ಕ್ಕೆ, ರಾತ್ರಿ 9ಕ್ಕೆ ಎರಡೂ ಹೊತ್ತು ಅಪ್‌ಲೋಡ್ ನೋಡಿ. ಜೊತೆಗೆ ಅದೇ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ 8.8.8.8ಗೆ (ಗೂಗಲ್‌ನ ಸರ್ವರ್) ನೂರು ಪಿಂಗ್ ಕೊಡಿ, ಅಂದರೆ ಒಂದು ಸಣ್ಣ ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಅಂತ ನೋಡುವ ಪರೀಕ್ಷೆ. ಸರಾಸರಿ ನೋಡಬೇಡಿ, ಎಷ್ಟು ಕಳೆದುಹೋಯಿತು ಮತ್ತು ಅತಿ ಹೆಚ್ಚು ಎಷ್ಟು ಅನ್ನುವುದನ್ನು ನೋಡಿ. ಕಾಲ್‌ನಲ್ಲಿ ದನಿ ತುಂಡಾಗುವುದು ಅಲ್ಲಿಂದ.

ಬೇಸಿಗೆಯಲ್ಲಿ ಅಳೆದ ಸಂಖ್ಯೆಯನ್ನು ಆಷಾಢಕ್ಕೂ ಅದೇ ಅಂದುಕೊಳ್ಳಬೇಡಿ.

ಸ್ಯಾಟಲೈಟ್: ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ 2025ರ ಜೂನ್‌ನಲ್ಲಿ ಸಿಕ್ಕಿತು. ಉಪಗ್ರಹ 550 ಕಿ.ಮೀ. ಎತ್ತರದಲ್ಲಿ ಇರುವುದರಿಂದ ಕಾಲ್‌ಗೆಲ್ಲ ತೊಂದರೆ ಇಲ್ಲ, 36,000 ಕಿ.ಮೀ. ಮೇಲಿನ ಹಳೇ ವಿಸ್ಯಾಟ್‌ನಂತೆ ಅರ್ಧ ಸೆಕೆಂಡು ತಡ ಆಗುವುದಿಲ್ಲ. ಆದರೆ ತಟ್ಟೆಗೆ ಆಕಾಶ ತೆರೆದಿರಬೇಕು. ಉಪಗ್ರಹ ಓಡುತ್ತಿರುತ್ತದೆ, ತೋಟದ ತುದಿ ಅಡ್ಡ ಬಂದಾಗಲೆಲ್ಲ ನೆಟ್ ಎರಡು ಸೆಕೆಂಡು ಸಾಯುತ್ತದೆ. ಇನ್ವರ್ಟರ್ ಮೇಲೆ 50ರಿಂದ 75 ವಾಟ್ ಭಾರವೂ ಉಂಟು. ರಸ್ತೆವರೆಗೆ ಫೈಬರ್ ಬಂದಿರುವವರು ಅದಕ್ಕೆ ಕಾಯುವ ಅಗತ್ಯ ಕಾಣುವುದಿಲ್ಲ.

ಎಂಟನೇಪೋರ್ಟ್

ಲ್ಯಾನ್ ಕನೆಕ್ಷನ್ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳಿ ಮುಗಿಸುತ್ತೇನೆ: ಬೇಡ.

ಕ್ಯಾಟ್6 ತಂತಿಯ ಮಿತಿ 100 ಮೀಟರ್. ಅದಕ್ಕಿಂತ ದೂರ ಹೋಗಲು ನಡುನಡುವೆ ಯಾರದೋ ಮನೆಯ ಮಾಡಿನಡಿ ಒಂದು ಸ್ವಿಚ್ಚು, ಅದಕ್ಕೆ ಆ ಮನೆಯ ಕರೆಂಟು. ಅವರು ಮೇನ್ ಆಫ್ ಮಾಡಿ ನೆಂಟರ ಮನೆಗೆ ಹೋದರೆ ನಿಮ್ಮ ನೆಟ್ಟೂ ಹೋಯಿತು. ಕಡಿಮೆ ದರಕ್ಕೆ ಎಳೆಯುವವರು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಬಳಸುತ್ತಾರೆ, ಸಿಸಿಎ ಅನ್ನುವುದು ಅದಕ್ಕೇ. ಮಡಚಿದಲ್ಲಿ ಮುರಿಯುತ್ತದೆ, ಮಳೆಗೆ ತುದಿ ಹಸಿರುಗಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯ ಸಿಡಿಲು. ಕಂಬದಿಂದ ಕಂಬಕ್ಕೆ ತೂಗುವ ಲೋಹದ ತಂತಿ ಒಂದು ಮನೆಯ ಮಿಂಚನ್ನು ಇನ್ನೊಂದು ಮನೆಯ ಟಿವಿವರೆಗೂ ತಂದು ಬಿಡುತ್ತದೆ.

ಫೈಬರ್ ಗಾಜು, ಕರೆಂಟ್ ಹರಿಯಲ್ಲ ಅಂತ ಧೈರ್ಯವಾಗಿರುವವರಿಗೂ ಒಂದು ಮಾತು. ಕಂಬದಿಂದ ಮನೆಗೆ ಎಳೆಯುವ ಚಪ್ಪಟೆ ಡ್ರಾಪ್ ಕೇಬಲ್‌ನ ಪಕ್ಕದಲ್ಲಿ ಹೊರೆ ಹೊರುವ ಒಂದು ಉಕ್ಕಿನ ತಂತಿ ಇರುತ್ತದೆ, ಅದು ಹರಿಸುತ್ತದೆ. ಆ ತಂತಿಯನ್ನು ಹೊರಗೋಡೆಯ ಕೊಕ್ಕೆಗೇ ಕಟ್ಟಿ ಅಲ್ಲೇ ಕತ್ತರಿಸಬೇಕು. ಗಾಜಿನ ಎಳೆ ಇರುವ ಭಾಗ ಮಾತ್ರ ಒಳಗೆ ಬರಲಿ. ಒಳಗಿನ ಭಾಗದಲ್ಲೂ ಎರಡು ಸಣ್ಣ ಉಕ್ಕಿನ ಕಡ್ಡಿ ಇರುವ ಕೇಬಲ್ ಉಂಟು, ಉಕ್ಕಿನ ಬದಲು ಎಫ್‌ಆರ್‌ಪಿ (ಗಾಜುನಾರಿನ ಪ್ಲಾಸ್ಟಿಕ್) ಕಡ್ಡಿ ಇರುವುದನ್ನೇ ಕೇಳಿ ತಗೊಳ್ಳಿ.

ಬಸಿಗಾಲುವೆ

320 ಮೀಟರ್ ಎಳೆಯುವುದರ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಈ ಇಡೀ ತೀರ್ಮಾನ ನಿಂತಿರುವುದು ಅದರ ಮೇಲೆ.

ಆಪರೇಟರ್ ಹುಡುಗರು ಮಾಡುವ ಸುಲಭದ ಕೆಲಸ ಅಂದರೆ ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿಕೊಂಡು ಬರುವುದು. ಗಾಳಿಗೆ ಒಂದೊಂದು ಮರ ಒಂದೊಂದು ಕಡೆ ತೂಗುತ್ತದೆ, ಕಟ್ಟಿದ ಜಾಗದಲ್ಲಿ ಕೇಬಲ್ ಸವೆಯುತ್ತದೆ. ಹಾಳೆ ಸಮೇತ ಸೋಗೆ ಬಿದ್ದರೆ ಕೇಬಲ್ ಮೇಲೇ ಬೀಳುತ್ತದೆ. ಕೊನೆಗಾರ ದೋಟಿ ಹಿಡಿದು ಓಡಾಡುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಅಳಿಲು, ಮಂಗ ಬೇರೆ. ತೋಟದೊಳಗೆ ಮೇಲಿಂದ ಎಳೆಸಲೇಬೇಡಿ.

ಹೂಳುವುದಾದರೂ ಬಸಿಗಾಲುವೆ ಪಕ್ಕದಲ್ಲೇ ಹೂಳಬೇಡಿ. ಪ್ರತಿ ವರ್ಷ ಕಾಲುವೆ ಬಿಡಿಸುವಾಗ ಅಂಚು ಕೆತ್ತುತ್ತಾರೆ, ಗುದ್ದಲಿ ಏಟು ಬೀಳುವುದು ಅಲ್ಲೇ. ಗಾಡಿ ದಾರಿಯ ಬದಿ ಹಿಡಿಯಿರಿ, ಸುತ್ತು ಬಂದು 400 ಮೀಟರ್ ಆದರೂ ಆಗಲಿ. ಫೈಬರ್‌ನಲ್ಲಿ ಆ 80 ಮೀಟರ್‌ಗೆ ಆಗುವ ನಷ್ಟ ಮೀಟರ್‌ನಲ್ಲಿ ಕಾಣುವುದೂ ಇಲ್ಲ. ಒಂದೂವರೆಯಿಂದ ಎರಡು ಅಡಿ ಆಳ, ಅದರಲ್ಲಿ ಕಪ್ಪು ಎಚ್‌ಡಿಪಿಇ ಪೈಪು, ಒಳವ್ಯಾಸ 25 ಮಿ.ಮೀ. ಇದ್ದರೆ ಸಾಕು. ಪೈಪು ಇಳಿಸುವಾಗಲೇ ಒಳಗೆ ನೈಲಾನ್ ಹಗ್ಗ ಹಾಕಿ ಬಿಡಿ. ಕಾಲುವೆ ದಾಟುವಲ್ಲಿ ಅದರ ತಳಕ್ಕಿಂತ ಒಂದಡಿ ಕೆಳಗೆ, ಮೇಲೊಂದು ಕಬ್ಬಿಣದ ಪೈಪಿನ ತುಂಡು. 60–70 ಮೀಟರ್‌ಗೊಂದು ಚೇಂಬರ್ ಬಿಡಿ, ಇಲ್ಲದಿದ್ದರೆ ಹಗ್ಗ ಎಳೆಯುವಾಗ ಮಧ್ಯದಲ್ಲಿ ಕಚ್ಚಿಕೊಳ್ಳುತ್ತದೆ. ತಿರುವುಗಳಲ್ಲಿ ಎಲ್ಬೋ ಹಾಕಬೇಡಿ, ಪೈಪನ್ನೇ ಅಗಲವಾಗಿ ಬಾಗಿಸಿ.

ಕೇಬಲ್ ಒಂದೇ ಎಳೆಯದ್ದು ಬೇಡ, ನಾಲ್ಕು ಎಳೆಯ ಆರ್ಮರ್ಡ್ (ಲೋಹದ ಕವಚದ್ದು) ತಗೊಳ್ಳಿ. ಇಲಿ ಕಡಿದರೂ ತಡೆಯುತ್ತದೆ, ಒಂದು ಎಳೆ ಹೋದರೆ ಇನ್ನೊಂದಕ್ಕೆ ಬದಲಿಸಿದರೆ ಆಯಿತು. ಕೂಲಿ ಮುಂದೆ ಕೇಬಲ್‌ನ ದರ ಏನೇನೂ ಅಲ್ಲ. ಆರ್ಮರ್ ಲೋಹವಾದ್ದರಿಂದ ಎಂಟನೇಪೋರ್ಟ್ ಹೇಳಿದ್ದು ಇಲ್ಲಿಗೂ ಅನ್ವಯ: ಹೊರಗೋಡೆಯ ಪೆಟ್ಟಿಗೆಯಲ್ಲೇ ಅದನ್ನು ನಿಲ್ಲಿಸಿ. ಎರಡೂ ತುದಿಯಲ್ಲಿ ಹತ್ತು ಮೀಟರ್ ಸುರುಳಿ ಸುತ್ತಿ ಇಡಿ. ಮುಂದೆ ತುಂಡಾದಾಗ ಎಳೆದು ಬೆಸೆಯಲು ಅದೇ ಆಸ್ತಿ.

ಜೋಡಣೆ ಎರಡೂ ಕಡೆ ಫ್ಯೂಷನ್ ಸ್ಪ್ಲೈಸ್ (ಗಾಜನ್ನೇ ಕರಗಿಸಿ ಬೆಸೆಯುವುದು) ಆಗಬೇಕು, 0.1 ಡಿಬಿ ಒಳಗೆ ಮುಗಿಯುತ್ತದೆ. ಕೈಯಲ್ಲಿ ಒತ್ತಿ ಹಾಕುವ ಫಾಸ್ಟ್ ಕನೆಕ್ಟರ್ ಮೊದಲ ದಿನ 0.3ರಿಂದ 0.5 ತೋರಿಸುತ್ತದೆ, ಮಳೆಗಾಲದ ತೇವಕ್ಕೆ ಅದರೊಳಗಿನ ಜೆಲ್ ಕೈಕೊಟ್ಟು ನಷ್ಟ ಏರುತ್ತಾ ಹೋಗುತ್ತದೆ. ಕನೆಕ್ಟರ್ ಬಣ್ಣವನ್ನೂ ನೋಡಿ. ಹಸಿರಿನ ತುದಿ ಓರೆ, ನೀಲಿಯದು ನೇರ. ಹಸಿರನ್ನು ನೀಲಿಗೆ ತುರುಕಿದರೆ ಕೂರುತ್ತದೆ, ಕೆಲಸವೂ ಮಾಡಿದಂತೆ ಕಾಣುತ್ತದೆ, ಆದರೆ ಹಲವು ಡಿಬಿ ಅಲ್ಲೇ ಸೋರಿಹೋಗುತ್ತದೆ.

ಸೋಗೆಮನೆ

ಎಲ್ಲರಿಗೂ ಧನ್ಯವಾದ. ಹೇಳಿದಂತೆ ಅಳೆದ ಸಂಖ್ಯೆಗಳು:

ಕಂಬದ ಪೆಟ್ಟಿಗೆಯಲ್ಲಿ 1490ರಲ್ಲಿ −19.4 ಡಿಬಿಎಂ. ಒಎಲ್‌ಟಿ ಪಂಚಾಯಿತಿ ಕಟ್ಟಡದಲ್ಲಿ, 1 ಜಿಬಿಪಿಎಸ್ ಅಪ್‌ಲಿಂಕ್, 170 ಮನೆ. ಅದರ ಬ್ಯಾಟರಿ ಎರಡು ಗಂಟೆ ಬರುತ್ತದಂತೆ.

ಮಾಡಿನ ಮೇಲೆ 5ಜಿ: ಎನ್28 ಮಾತ್ರ. ಆರ್‌ಎಸ್‌ಆರ್‌ಪಿ −101, ಎಸ್‌ಐಎನ್‌ಆರ್ 7. ಬೆಳಿಗ್ಗೆ ಕೆಳಕ್ಕೆ 62, ಮೇಲಕ್ಕೆ 9. ರಾತ್ರಿ 11 ಮತ್ತು 1.8, ಪಿಂಗ್ ಕೆಲವು ಸಲ 400 ಮಿಲಿಸೆಕೆಂಡ್ ದಾಟುತ್ತದೆ.

ಇನ್ನು ಮೂರು ಪ್ರಶ್ನೆ. ಒಎನ್‌ಟಿ ನಾನೇ ಕೊಂಡರೆ ಅಗ್ಗ, ಕೊಳ್ಳಬಹುದಾ? ಕರೆಂಟ್ ಹೋದಾಗ ಏನು ಮಾಡುವುದು? ಕ್ಯಾಮೆರಾ ನೋಡಲು ಸ್ಟ್ಯಾಟಿಕ್ ಐಪಿ (ಬದಲಾಗದ ನೆಟ್ ವಿಳಾಸ) ಬೇಕು ಅಂತ ಕ್ಯಾಮೆರಾದವನು ಹೇಳಿದ, ನಿಜವಾ?

ಗುಡ್ಡದಮೇಲೆ

ರಾತ್ರಿ 1.8 ಅಪ್‌ಲೋಡ್ ಅಂದಮೇಲೆ ಮಾತೇ ಇಲ್ಲ, ನನ್ನ ಓಟೂ ಫೈಬರ್‌ಗೇ. ಆದರೆ ಆ ಸಿಮ್ ಬಿಸಾಡಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಪ್ಯಾಚ್‌ಕಾರ್ಡ್

−19.4 ಬಹಳ ಚೆನ್ನಾಗಿದೆ. ಮನೆಯಲ್ಲಿ −20ರಿಂದ −20.5 ಬರಬೇಕು. ಕೆಲಸ ಮುಗಿದ ದಿನ −23 ತೋರಿಸಿದರೆ ಎಲ್ಲೋ ಜೋಡಣೆ ಕೆಟ್ಟಿದೆ ಅಥವಾ ಕೇಬಲ್ ಮಡಚಿಕೊಂಡಿದೆ ಅಂತ ಅರ್ಥ. ಹುಡುಗರನ್ನು ಕಳಿಸುವ ಮುಂಚೆ ಸರಿಮಾಡಿಸಿ. ಒಎನ್‌ಟಿ ಪೇಜ್ ತೆರೆದರೆ, ಹೆಚ್ಚಾಗಿ 192.168.1.1, ಆಪ್ಟಿಕಲ್ ವಿಭಾಗದಲ್ಲಿ ಆರ್‌ಎಕ್ಸ್ ಪವರ್ ಸಿಗುತ್ತದೆ. ಆ ಸಂಖ್ಯೆಯನ್ನು ಪೆಟ್ಟಿಗೆ ಮೇಲೇ ಬರೆದಿಡಿ, ಮುಂದೆ ಜಗಳ ಆಡಲು ಅನುಕೂಲ.

ಒಎನ್‌ಟಿ ಕೊಳ್ಳಬಹುದು, ಆದರೆ ಮೊದಲು ಒಎಲ್‌ಟಿ ಜಿಪಿಒಎನ್ನೋ ಇಪಿಒಎನ್ನೋ ಕೇಳಿ. ಎರಡೂ ನೋಡಲು ಒಂದೇ, ಒಂದರದು ಇನ್ನೊಂದಕ್ಕೆ ಆಗುವುದಿಲ್ಲ. ಎಕ್ಸ್‌ಪಿಒಎನ್ ಅಂತ ಬರೆದಿರುವುದು ಎರಡಕ್ಕೂ ಹೊಂದುತ್ತದೆ. ಅದರ ಸೀರಿಯಲ್ ನಂಬರನ್ನು ಆಪರೇಟರ್ ಒಎಲ್‌ಟಿಯಲ್ಲಿ ನೋಂದಾಯಿಸಬೇಕು, ಪಿಪಿಪಿಒಇ (ನೆಟ್‌ಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮು, ಪಾಸ್‌ವರ್ಡು, ವಿಲ್ಯಾನ್ ನಂಬರು ಮೂರನ್ನೂ ಬರೆಸಿಕೊಳ್ಳಿ. ಒಮ್ಮೆ ರೀಸೆಟ್ ಆಯಿತು ಅಂದರೆ ಆ ಚೀಟಿ ಇಲ್ಲದೆ ಏನೂ ಸಾಗದು. ಪಿಪಿಪಿಒಇನಲ್ಲಿ ಎಂಟಿಯು, ಅಂದರೆ ಒಂದು ಡೇಟಾ ಪೊಟ್ಟಣದ ಗರಿಷ್ಠ ಗಾತ್ರ, 1492 ಬೈಟ್. ವಿಪಿಎನ್ ಕನೆಕ್ಟ್ ಆಗಿಯೂ ಕೆಲವು ಪೇಜ್ ತೆರೆಯದೆ ನಿಂತರೆ ಲೈನ್‌ಗೆ ಬೈಯಬೇಡಿ, ವಿಪಿಎನ್‌ನಲ್ಲಿ ಎಂಟಿಯು 1400ಕ್ಕೆ ಇಳಿಸಿ ನೋಡಿ.

ಒಎನ್‌ಟಿಯ ಲೈಟು ಓದಲು ಕಲಿತುಕೊಳ್ಳಿ, ಅರ್ಧ ಫೋನ್ ಕರೆ ಉಳಿಯುತ್ತದೆ. ಲಾಸ್ ಕೆಂಪಗೆ ಮಿನುಗಿದರೆ ಬೆಳಕೇ ಬರುತ್ತಿಲ್ಲ, ಕೇಬಲ್ ಕಟ್. ಲಾಸ್ ಆರಿದ್ದು ಪಿಒಎನ್ ಮಿನುಗುತ್ತಲೇ ಇದ್ದರೆ ಬೆಳಕು ಬರುತ್ತಿದೆ, ಒಎಲ್‌ಟಿ ನಿಮ್ಮನ್ನು ಒಪ್ಪುತ್ತಿಲ್ಲ. ಪಿಒಎನ್ ಸ್ಥಿರವಾಗಿದ್ದು ಇಂಟರ್ನೆಟ್ ಲೈಟ್ ಇಲ್ಲದಿದ್ದರೆ ಪಾಸ್‌ವರ್ಡೋ ಬಿಲ್ಲೋ ನೋಡಿ.

ಸ್ಟ್ಯಾಟಿಕ್ ಐಪಿ ಬೇಡ. ನಿಮ್ಮ ಐಪಿ 100.64ರಿಂದ 100.127ರೊಳಗೆ ಶುರುವಾದರೆ ಕಂಪನಿ ಅದನ್ನು ಹಲವರಿಗೆ ಹಂಚಿದೆ, ಹೊರಗಿನಿಂದ ನೇರ ಒಳಬರುವ ಪೋರ್ಟ್ ಫಾರ್ವರ್ಡ್ ನಡೆಯುವುದಿಲ್ಲ ಅಷ್ಟೇ. ಎನ್‌ವಿಆರ್‌ನಲ್ಲಿ ಪಿ2ಪಿ (ಕ್ಯಾಮೆರಾ ಕಂಪನಿಯ ಸರ್ವರ್ ಮೂಲಕ ಜೋಡಿಸುವುದು) ಆನ್ ಮಾಡಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಬೆಂಗಳೂರಿನಿಂದ ನೋಡಬಹುದು. ಮೂಲ ಪಾಸ್‌ವರ್ಡ್ ಮಾತ್ರ ಬದಲಿಸಿ.

ಕರೆಂಟ್: ವೈಫೈ ಇರುವ ಒಎನ್‌ಟಿ 12 ವೋಲ್ಟ್, ಸುಮಾರು 8 ವಾಟ್. 10,400 ಎಂಎಎಚ್ ಅಂತ ಮಾರುವ ಮಿನಿ ಯುಪಿಎಸ್‌ನ ಸೆಲ್ 3.7 ವೋಲ್ಟ್, ಅಂದರೆ 38 ವಾಟ್-ಅವರ್. ಪರಿವರ್ತನೆಯ ನಷ್ಟ ಕಳೆದು 32 ಉಳಿದರೆ ನಾಲ್ಕು ಗಂಟೆ. ಆದರೆ ಪಂಚಾಯಿತಿಯ ಬ್ಯಾಟರಿ ಎರಡೇ ಗಂಟೆ ಅಂದಿರಲ್ಲ, ನಿಮ್ಮ ಮನೆಯಲ್ಲಿ ದೀಪ ಉರಿಯುತ್ತಿದ್ದರೂ ಆಮೇಲೆ ನೆಟ್ ಇರುವುದಿಲ್ಲ. ದೊಡ್ಡ ಯುಪಿಎಸ್‌ಗೆ ದುಡ್ಡು ಸುರಿಯುವ ಬದಲು ಎರಡು ವ್ಯಾನ್ (ಹೊರಗಿನ ನೆಟ್ ಒಳಬರುವ ದಾರಿ) ಇರುವ ಒಂದು ರೂಟರ್, ಎರಡನೆಯದಕ್ಕೆ 4ಜಿ ಸಿಮ್ ಹಾಕಿ.

ಎಂಟನೇಪೋರ್ಟ್

ಆ ರೂಟರ್‌ನಲ್ಲಿ ಎರಡು ಸೆಟ್ಟಿಂಗ್ ಮರೆಯಬೇಡಿ. ಫೇಲ್‌ಓವರ್ (ಒಂದು ನೆಟ್ ಹೋದರೆ ಇನ್ನೊಂದಕ್ಕೆ ಬದಲಾಗುವುದು) ಪರೀಕ್ಷೆ ಪೋರ್ಟಿನ ಲಿಂಕ್ ನೋಡಿ ಆಗಬಾರದು. ಫೈಬರ್ ಕಟ್ ಆದರೂ ಒಎನ್‌ಟಿಗೆ ಕರೆಂಟ್ ಇರುವವರೆಗೂ ಲ್ಯಾನ್ ಲಿಂಕ್ ಇದ್ದೇ ಇರುತ್ತದೆ, ರೂಟರ್ ಎಲ್ಲ ಸರಿ ಇದೆ ಅಂದುಕೊಂಡು ಸುಮ್ಮನಿರುತ್ತದೆ. 8.8.8.8 ಮತ್ತು 1.1.1.1 ಎರಡಕ್ಕೂ ಪಿಂಗ್ ಕೊಟ್ಟು, ಎರಡೂ ಐದು ಸಲ ತಪ್ಪಿದರೆ ಮಾತ್ರ ಸಿಮ್‌ಗೆ ಹೋಗುವಂತೆ ಇಡಿ. ಇನ್ನೊಂದು, ಎನ್‌ವಿಆರ್‌ನ ಐಪಿಯನ್ನು ಸಿಮ್ ದಾರಿಯಲ್ಲಿ ಬ್ಲಾಕ್ ಮಾಡಿ. ಇಲ್ಲದಿದ್ದರೆ ಬೆಂಗಳೂರಿನಲ್ಲಿ ಯಾರೋ ನಾಲ್ಕು ಕ್ಯಾಮೆರಾ ತೆರೆದು ಕೂತರೆ ದಿನದ ಡೇಟಾ ಅರ್ಧ ಗಂಟೆಯಲ್ಲಿ ಖಾಲಿ.